ಬೌರಿಂಗ್‌ಪೇಟೆ ಉರುಫ್ ಬಂಗಾರಪೇಟೆ

ಪಿಎಚ್‌ಪಿ ಭಾಷೆಯಲ್ಲಿ ನೇಮ್‌ಸ್ಪೇಸ್ ಎಂದರೆ ಹೆಸರುಗಳಿಗೆ ಹಾಕಿಕೊಟ್ಟ ಎಲ್ಲೆ. ಒಂದು ಎಲ್ಲೆಯೊಳಗೆ ಒಂದು ಕ್ಲಾಸಿನ ಹೆಸರು ಒಂದೇ ಸಲ ಬರಬೇಕು. ಎಲ್ಲೆ ಬೇರೆಯಾದರೆ ಅದೇ ಹೆಸರನ್ನು ಮತ್ತೆ ಇಡಬಹುದು. ಏಲಿಯಾಸ್ ಎಂದರೆ ಬೇರೆ ಎಲ್ಲೆಯಲ್ಲಿರುವ ಒಂದನ್ನು ಈ ಫೈಲಿನ ಮಟ್ಟಿಗೆ ಹೀಗೆ ಕರೆಯುತ್ತೇವೆ ಎಂದು ಮಾಡಿಕೊಂಡ ಒಪ್ಪಂದ. ಪೊಲೀಸ್ ಕಾಗದಗಳಲ್ಲೂ ಜಮೀನಿನ ಪತ್ರಗಳಲ್ಲೂ ‘ಉರುಫ್’, ‘ಯಾನೆ’ ಎಂದು ಬರೆಯುವುದು ಇದನ್ನೇ.

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ, ಅಂದರೆ ಕೆಜಿಎಫ್‌ನಲ್ಲಿ, ಈ ವಿಷಯ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಕೆಜಿಎಫ್‌ಗೆ ತನ್ನದೇ ಆದ ಪೊಲೀಸ್ ಜಿಲ್ಲೆ ಇದೆ. ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಊರ್ಗಾಂ, ಮಾರಿಕುಪ್ಪಂ ಎಲ್ಲಕ್ಕೂ ಬೇರೆ ಬೇರೆ ಠಾಣೆಗಳಿವೆ. ಆಂಡರ್ಸನ್‌ಪೇಟೆಯ ಅಂಗಡಿಯವರು ‘ಠಾಣೆ ಹತ್ತಿರ ಬನ್ನಿ’ ಎಂದರೆ ಯಾವ ಠಾಣೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದೇ ಮಾತನ್ನು ಬಂಗಾರಪೇಟೆಯಲ್ಲಿ ನಿಂತು ಹೇಳಿದರೆ ಬೇರೆ ಠಾಣೆಯಾಗುತ್ತದೆ. ಮೊಕದ್ದಮೆಗಳ ಸಂಖ್ಯೆಯೂ ಹೀಗೆಯೇ. ಪ್ರತಿ ಠಾಣೆಯಲ್ಲಿ ಪ್ರತಿ ವರ್ಷ ಅದು ಒಂದರಿಂದ ಶುರುವಾಗುತ್ತದೆ. ಆದ್ದರಿಂದ ಒಂದನೇ ನಂಬರಿನ ಮೊಕದ್ದಮೆ ಐದು ಠಾಣೆಯಲ್ಲೂ ಇರಬಹುದು. ನ್ಯಾಯಾಲಯಕ್ಕೆ ಹೋಗುವ ಕಾಗದದಲ್ಲಿ ಠಾಣೆಯ ಹೆಸರು, ಸಂಖ್ಯೆ, ವರ್ಷ ಮೂರನ್ನೂ ಸೇರಿಸಿ ಬರೆಯುತ್ತಾರೆ. ಠಾಣೆಯೊಳಗೆ ಬರಿಯ ಸಂಖ್ಯೆ ಸಾಕು, ಹೊರಗೆ ಹೊರಟಾಗ ಪೂರ್ತಿ ವಿಳಾಸ ಬೇಕು. ನೇಮ್‌ಸ್ಪೇಸಿನ ತಿರುಳು ಇದೇ.

ರಾಸ್ಮಸ್ ಲರ್ಡಾರ್ಫ್ 1995ರಲ್ಲಿ ಪಿಎಚ್‌ಪಿಯನ್ನು ಎಲ್ಲರಿಗೂ ಬಿಡುಗಡೆ ಮಾಡಿದಾಗ ಇಂಥ ಎಲ್ಲೆಗಳು ಇರಲಿಲ್ಲ. ಅದು ಒಬ್ಬರ ಪುಟಗಳನ್ನು ನಡೆಸಲು ಹುಟ್ಟಿದ ಸಲಕರಣೆ. ಹತ್ತಾರು ಮಂದಿ ಬರೆದ ಲೈಬ್ರರಿಗಳು ಒಂದೇ ಪ್ರೋಗ್ರಾಮಿನಲ್ಲಿ ಸೇರತೊಡಗಿದ ಮೇಲೆ ಹೆಸರುಗಳು ಡಿಕ್ಕಿ ಹೊಡೆದವು. ಎರಡು ಲೈಬ್ರರಿಗಳಲ್ಲಿ ಒಂದೇ ಹೆಸರಿನ ಕ್ಲಾಸ್ ಇದ್ದರೆ ಪ್ರೋಗ್ರಾಮು ಅಲ್ಲೇ ನಿಲ್ಲುತ್ತದೆ, ಎರಡರಲ್ಲಿ ಯಾವುದು ಬೇಕು ಎಂದು ಕೇಳುವುದಿಲ್ಲ. ಇದಕ್ಕೆ ಆಗ ಕಂಡುಕೊಂಡ ಮದ್ದು ಇನಿಷಿಯಲ್. ಗಣಿ ಪ್ರದೇಶದ ಶಾಲೆಯಲ್ಲಿ ಒಂದೇ ತರಗತಿಗೆ ಇಬ್ಬರು ಕುಮಾರ್ ಬಂದರೆ ಹಾಜರಿ ಪುಸ್ತಕದಲ್ಲಿ ಎ. ಕುಮಾರ್, ಎಸ್. ಕುಮಾರ್ ಎಂದು ಬರೆಯುತ್ತಾರೆ. ಹಾಗೆಯೇ ಪಿಎಚ್‌ಪಿ ಲೈಬ್ರರಿಗಳ ಸಂಗ್ರಹವಾದ ಝೆಂಡ್ ಫ್ರೇಮ್‌ವರ್ಕಿನ ಮೊದಲ ಆವೃತ್ತಿಯಲ್ಲಿ ಪ್ರತಿ ಕ್ಲಾಸಿನ ಹೆಸರಿನ ಮುಂದೆಯೂ ‘ಝೆಂಡ್’ ಎಂಬ ಪದ, ಆಮೇಲೆ ಒಂದು ಅಡಿಗೆರೆ, ಆಮೇಲೆ ವಿಭಾಗದ ಹೆಸರು, ಮತ್ತೆ ಅಡಿಗೆರೆ ಎಂದು ಪೋಣಿಸುತ್ತ ಹೋಗುತ್ತಿದ್ದರು. ಹೆಸರುಗಳು ರೈಲಿನಷ್ಟು ಉದ್ದವಾದವು. ಎಷ್ಟು ಸಲ ಬಳಸಿದರೂ ಅಷ್ಟು ಸಲವೂ ಪೂರ್ತಿ ಬರೆಯಬೇಕಿತ್ತು. ಈ ಕಷ್ಟಕ್ಕೆ ಭಾಷೆಯೇ ಉತ್ತರ ಕೊಟ್ಟದ್ದು 5.3ನೇ ಆವೃತ್ತಿಯಲ್ಲಿ. ಅದು ಹೊರಬಂದದ್ದು 2009ರ ಜೂನ್ 30ರಂದು.

ಎಲ್ಲೆಯನ್ನು ಸಾರುವುದು ಫೈಲಿನ ನೆತ್ತಿಯ ಮೇಲೆ, ಒಂದೇ ಸಾಲಿನಲ್ಲಿ:

ನೇಮ್‌ಸ್ಪೇಸ್ ಕೆಜಿಎಫ್\ಆಂಡರ್ಸನ್‌ಪೇಟೆ;

ನೇಮ್‌ಸ್ಪೇಸ್ ಎಂಬ ಆಜ್ಞಾಪದವನ್ನೂ, ಮುಂದೆ ಬರುವ ಯೂಸ್, ಆ್ಯಸ್ ಮೊದಲಾದವನ್ನೂ ಪ್ರೋಗ್ರಾಮಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪು ಮಾಡಬೇಕು. ಹೆಸರುಗಳನ್ನು ಮಾತ್ರ ಹೀಗೆ ಕನ್ನಡದಲ್ಲೇ ಇಡಬಹುದು, ಪಿಎಚ್‌ಪಿ ಅದನ್ನು ತಕರಾರಿಲ್ಲದೆ ಒಪ್ಪುತ್ತದೆ. ಕನ್ನಡದ ಪ್ರೋಗ್ರಾಮರುಗಳಲ್ಲೇ ಎಷ್ಟೋ ಮಂದಿ ಇದನ್ನು ಮಾಡಿ ನೋಡಿಲ್ಲ, ಮಾಡಿ ನೋಡಬೇಕಾದದ್ದು. ಆದರೆ ಪಿಎಚ್‌ಪಿ ಅಕ್ಷರದ ರೂಪ ನೋಡುವುದಿಲ್ಲ, ಅದರ ಹಿಂದಿರುವ ಬೈಟುಗಳನ್ನಷ್ಟೇ ನೋಡುತ್ತದೆ. ‘ಚಾಂಪಿಯನ್’ ಎಂಬ ಹೆಸರಿನ ಕೊನೆಯ ಅರ್ಧಾಕ್ಷರದ ಮೇಲೆ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಬಿಡಿಸುವ ಗುರುತನ್ನು ಬಿಟ್ಟುಹೋಗುತ್ತವೆ. ಅದು ಇರುವ ಚಾಂಪಿಯನ್ ಬೇರೆ, ಇಲ್ಲದ ಚಾಂಪಿಯನ್ ಬೇರೆ. ಕೋಲಾರದ ‘ಕೋ’ ಅಕ್ಷರವನ್ನೂ ಯೂನಿಕೋಡಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಕಟ್ಟಬಹುದು. ತೆರೆಯ ಮೇಲೆ ಎರಡೂ ಒಂದೇ ಆಗಿ ಕಂಡರೂ ಪಿಎಚ್‌ಪಿಗೆ ಅವು ಎರಡು ಊರು. ಕನ್ನಡದಲ್ಲಿ ಹೆಸರಿಡುವವರು ಹೆಸರನ್ನು ಒಂದೇ ಕಡೆ ಟೈಪು ಮಾಡಿ, ಉಳಿದೆಡೆಗೆ ಅಲ್ಲಿಂದಲೇ ನಕಲು ತೆಗೆದು ಅಂಟಿಸುವುದು ಕ್ಷೇಮ.

ಈ ಸಾಲು ಫೈಲಿನ ಮೊದಲ ಮಾತಾಗಿರಬೇಕು. ಇದಕ್ಕೆ ಮುಂಚೆ ಬರಲು ಅನುಮತಿ ಇರುವುದು ಡಿಕ್ಲೇರ್ ಎಂಬ ಸಾಲಿಗೆ ಮತ್ತು ಟಿಪ್ಪಣಿಗಳಿಗೆ ಮಾತ್ರ. ಪಿಎಚ್‌ಪಿಯ ಆರಂಭದ ಗುರುತಿಗೆ ಮುಂಚೆ ಒಂದು ಖಾಲಿ ಸಾಲು ನುಸುಳಿದರೂ ದೋಷ ಬರುತ್ತದೆ. ಆ ಖಾಲಿ ಸಾಲು ಓದುಗರಿಗೆ ಖಾಲಿ, ಪಿಎಚ್‌ಪಿಗೆ ಆಗಲೇ ಹೊರಗೆ ಕಳುಹಿಸಬೇಕಾದ ಬರಹ.

ಊರುಗಳ ನಡುವೆ ಇರುವ ಹಿಂದೋರೆ ಗೆರೆಗೂ ಒಂದು ಕಥೆಯಿದೆ. ಮೊದಲು ಯೋಚಿಸಿದ್ದು ಜೋಡಿ ವಿವರಣ ಚಿಹ್ನೆ, ಅಂದರೆ ಎರಡು ಕೋಲನ್. ಅದಾಗಲೇ ಕ್ಲಾಸಿನೊಳಗಿನ ಸ್ಟ್ಯಾಟಿಕ್ ಅಂಶಗಳನ್ನು ಕರೆಯಲು ಬಳಕೆಯಲ್ಲಿದ್ದುದರಿಂದ ಗೊಂದಲವಾಗುತ್ತಿತ್ತು. 2008ರಲ್ಲಿ ಭಾಷೆಯನ್ನು ಕಟ್ಟುವವರು ಹಿಂದೋರೆ ಗೆರೆಯನ್ನು ಆರಿಸಿದಾಗ ಬಹಳ ಮಂದಿ ಮೂಗು ಮುರಿದರು. ಆಯ್ಕೆ ಸರಿಯೇ ಆಗಿತ್ತು. ಓದುವಾಗ ಎಲ್ಲೆ ಯಾವುದು, ಕ್ಲಾಸಿನ ಒಳಗು ಯಾವುದು ಎಂದು ಒಂದು ನೋಟಕ್ಕೆ ತಿಳಿಯುತ್ತದೆ. ಅದರಿಂದ ಬಂದ ತೊಡಕು ಒಂದೇ. ಜೋಡಿ ಉದ್ಧರಣ ಚಿಹ್ನೆಯೊಳಗಿನ ಬರಹದಲ್ಲಿ ಹಿಂದೋರೆ ಗೆರೆಯ ಬೆನ್ನಿಗೇ ಇಂಗ್ಲಿಷಿನ ಚಿಕ್ಕ ‘ಎನ್’ ಬಂದರೆ ಪಿಎಚ್‌ಪಿ ಅದನ್ನು ಹೊಸ ಸಾಲು ಎಂದು ಓದುತ್ತದೆ. ಹೆಸರನ್ನು ಬರಹವಾಗಿ ಕೊಡುವ ಕಡೆ ಒಂಟಿ ಉದ್ಧರಣ ಚಿಹ್ನೆ ಬಳಸಬೇಕು.

ಹೆಸರನ್ನು ಮೂರು ಬಗೆಯಲ್ಲಿ ಹೇಳಬಹುದು. ‘ಠಾಣೆ’ ಎಂದಷ್ಟೇ ಬರೆದರೆ ಅದು ಬಿಡಿ ಹೆಸರು. ‘ಊರ್ಗಾಂ\ಠಾಣೆ’ ಎಂದರೆ ಅರ್ಧ ವಿಳಾಸ. ಮುಂದೆ ಒಂದು ಹಿಂದೋರೆ ಗೆರೆ ಇಟ್ಟು ‘\ಕೆಜಿಎಫ್\ಊರ್ಗಾಂ\ಠಾಣೆ’ ಎಂದರೆ ಪೂರ್ತಿ ವಿಳಾಸ. ಪೂರ್ತಿ ವಿಳಾಸಕ್ಕೆ ಎಲ್ಲಿ ನಿಂತು ಬರೆದರೂ ಒಂದೇ ಅರ್ಥ. ಉಳಿದೆರಡರ ಅರ್ಥ, ಬರೆದ ಫೈಲು ಯಾವ ಎಲ್ಲೆಯಲ್ಲಿದೆ ಮತ್ತು ಅದರ ನೆತ್ತಿಯ ಮೇಲೆ ಏನು ಬರೆದಿದೆ ಎಂಬುದರ ಮೇಲೆ ನಿಂತಿದೆ. ಅರ್ಧ ವಿಳಾಸವೇ ಹೊಸಬರನ್ನು ಹೆಚ್ಚು ಕಾಡುವುದು. ಆಂಡರ್ಸನ್‌ಪೇಟೆಯ ಎಲ್ಲೆಯೊಳಗಿನ ಫೈಲಿನಲ್ಲಿ, ಮುಂದಿನ ಗೆರೆಯನ್ನು ಮರೆತು ‘ಕೆಜಿಎಫ್\ಊರ್ಗಾಂ\ಠಾಣೆ’ ಎಂದು ಬರೆದರೆ ಪಿಎಚ್‌ಪಿ ಹುಡುಕುವುದು ‘ಕೆಜಿಎಫ್\ಆಂಡರ್ಸನ್‌ಪೇಟೆ\ಕೆಜಿಎಫ್\ಊರ್ಗಾಂ\ಠಾಣೆ’ಯನ್ನು. ಆಂಡರ್ಸನ್‌ಪೇಟೆಯೊಳಗೆ ಇನ್ನೊಂದು ಕೆಜಿಎಫ್, ಅದರೊಳಗೆ ಊರ್ಗಾಂ! ಕ್ಲಾಸ್ ಸಿಗಲಿಲ್ಲ ಎಂಬ ದೋಷ ಬಂದಾಗ ಅದರಲ್ಲಿ ಅಚ್ಚಾದ ಹೆಸರನ್ನು ಪೂರ್ತಿ ಓದಬೇಕು. ಒಂದೇ ಊರು ಎರಡು ಸಲ ಕಂಡರೆ ಕಾರಣ ಇದೇ.

ಪೂರ್ತಿ ವಿಳಾಸವನ್ನು ಪ್ರತಿ ಸಲವೂ ಬರೆಯುವುದಾದರೆ ಹಳೆಯ ಅಡಿಗೆರೆಗಳ ಕಾಲಕ್ಕೇ ಮರಳಿದಂತೆ. ಅದನ್ನು ತಪ್ಪಿಸುವುದು ಯೂಸ್:

ಯೂಸ್ ಕೆಜಿಎಫ್\ಊರ್ಗಾಂ\ಠಾಣೆ;

ಇಷ್ಟಾದ ಮೇಲೆ ಈ ಫೈಲಿನಲ್ಲಿ ‘ಠಾಣೆ’ ಎಂದರೆ ಊರ್ಗಾಂ ಠಾಣೆ. ಯೂಸ್ ಸಾಲಿನಲ್ಲಿ ಹೇಳುವ ಹೆಸರು ಯಾವಾಗಲೂ ಪೂರ್ತಿ ವಿಳಾಸವೇ, ಮುಂದಿನ ಗೆರೆ ಅಲ್ಲಿ ಬೇಡ. ಈಗ ಅದೇ ಫೈಲಿಗೆ ಮಾರಿಕುಪ್ಪಂ ಠಾಣೆಯೂ ಬೇಕಾಯಿತು ಎನ್ನಿ. ಇನ್ನೊಂದು ಯೂಸ್ ಬರೆದರೆ, ಆ ಹೆಸರು ಆಗಲೇ ಬಳಕೆಯಲ್ಲಿದೆ ಎಂದು ಪಿಎಚ್‌ಪಿ ನಿಂತುಬಿಡುತ್ತದೆ. ಉರುಫ್ ಬೇಕಾಗುವುದು ಇಲ್ಲಿ:

ಯೂಸ್ ಕೆಜಿಎಫ್\ಊರ್ಗಾಂ\ಠಾಣೆ ಆ್ಯಸ್ ಊರ್ಗಾಂಠಾಣೆ;
ಯೂಸ್ ಕೆಜಿಎಫ್\ಮಾರಿಕುಪ್ಪಂ\ಠಾಣೆ ಆ್ಯಸ್ ಮಾರಿಕುಪ್ಪಂಠಾಣೆ;

ಆ್ಯಸ್ ಎಂಬ ಪದವನ್ನು ಕನ್ನಡದಲ್ಲಿ ಓದುವುದಾದರೆ ಉರುಫ್ ಎಂದೇ ಓದಬಹುದು. ಠಾಣೆ ಬದಲಾಗಿಲ್ಲ, ಅದರ ನಿಜವಾದ ಹೆಸರೂ ಬದಲಾಗಿಲ್ಲ. ಪ್ರೋಗ್ರಾಮು ನಡೆಯುವಾಗ ಆ ಕ್ಲಾಸನ್ನೇ ನಿನ್ನ ಹೆಸರೇನು ಎಂದು ಕೇಳಿದರೆ ಪೂರ್ತಿ ವಿಳಾಸವನ್ನೇ ಹೇಳುತ್ತದೆ, ಉರುಫನ್ನು ಹೇಳುವುದಿಲ್ಲ.

ಉರುಫ್ ಹೇಗಿರಬೇಕು ಎಂಬುದರಲ್ಲಿ ಪಿಎಚ್‌ಪಿಗೆ ಯಾವ ಅಭಿಪ್ರಾಯವೂ ಇಲ್ಲ, ಓದುವ ಮನುಷ್ಯರಿಗೆ ಇರಬೇಕು. ಕನ್ನಡ ಸಾಹಿತ್ಯದಲ್ಲಿ ಇದಕ್ಕೆ ಉದಾಹರಣೆ ಧಾರಾಳ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಮೂರು ಪದಗಳಿಂದ ಒಂದೊಂದು ತುಣುಕು ತೆಗೆದು ಕುವೆಂಪು ಎಂಬ ಹೆಸರು ಕಟ್ಟಿಕೊಂಡಿತು. ಅದರಲ್ಲಿ ಊರಿನ ಗುರುತೂ ಇದೆ, ಮನೆಯ ಗುರುತೂ ಇದೆ. ಕೋಲಾರ ಜಿಲ್ಲೆಯವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಶ್ರೀನಿವಾಸ’ ಎಂದು ಬರೆದರು. ಅದು ಸುಂದರವಾದ ಹೆಸರು, ಆದರೆ ಶ್ರೀನಿವಾಸರು ನಾಡಿನಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಓದುಗರು ಕಾವ್ಯನಾಮವನ್ನು ಬಿಟ್ಟು ಊರಿನ ಹೆಸರಾದ ಮಾಸ್ತಿಯನ್ನೇ ಉಳಿಸಿಕೊಂಡರು. ಬೇಂದ್ರೆಯವರ ‘ಅಂಬಿಕಾತನಯದತ್ತ’ ಬೇಂದ್ರೆ ಎಂಬ ಹೆಸರಿಗಿಂತ ಉದ್ದ. ಉರುಫ್ ಚಿಕ್ಕದಾಗಿಯೇ ಇರಬೇಕೆಂಬ ನಿಯಮವಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಪ್ರೋಗ್ರಾಮಿನಲ್ಲಿ ಕುವೆಂಪು ಬಗೆಯದೇ ಹೆಚ್ಚು ಬಾಳುತ್ತದೆ. ‘ಊರ್ಗಾಂಠಾಣೆ’ ಎಂಬಲ್ಲಿ ಎಲ್ಲೆಯ ತುಣುಕು ಇದೆ. ‘ಠಾಣೆ1’, ‘ಠಾಣೆ2’ ಎಂದು ಬರೆದವರಿಗೇ ಮೂರು ತಿಂಗಳ ಮೇಲೆ ಯಾವುದು ಯಾವುದೆಂದು ನೆನಪಿರುವುದಿಲ್ಲ. ಡಿಕ್ಕಿಯೇ ಇಲ್ಲದ ಕಡೆ ಉರುಫ್ ಇಡುವುದೂ ಸಲ್ಲದು. ಎಲ್ಲ ಫೈಲುಗಳಲ್ಲೂ ಒಂದು ಹೆಸರಿನಿಂದ ಗೊತ್ತಿರುವ ಕ್ಲಾಸಿಗೆ ಒಂದು ಫೈಲಿನಲ್ಲಿ ಮಾತ್ರ ಬೇರೆ ಹೆಸರಿಟ್ಟರೆ, ಮುಂದೆ ಅದನ್ನು ತಿದ್ದಲು ಬರುವವರಿಗೆ ಅದು ಸಿಗದೆ ಹೋಗುತ್ತದೆ.

ಕ್ಲಾಸನ್ನಲ್ಲದೆ ಎಲ್ಲೆಯನ್ನೇ ತಂದುಕೊಳ್ಳಲೂಬಹುದು. ‘ಯೂಸ್ ಕರ್ನಾಟಕ\ಕೋಲಾರ\ಕೆಜಿಎಫ್’ ಎಂದು ಬರೆದ ಮೇಲೆ, ‘ಕೆಜಿಎಫ್\ಊರ್ಗಾಂ\ಠಾಣೆ’ ಎಂಬ ಅರ್ಧ ವಿಳಾಸದ ಮೊದಲ ತುಂಡನ್ನು ಪಿಎಚ್‌ಪಿ ತಾನೇ ಬಿಡಿಸಿಕೊಳ್ಳುತ್ತದೆ. ಒಂದೇ ಎಲ್ಲೆಯಿಂದ ಹತ್ತು ಕ್ಲಾಸುಗಳು ಬೇಕಾದಾಗ ಇದು ಅನುಕೂಲ. ಕೆಜಿಎಫ್ ಎಂಬ ಹೆಸರಿಗಂತೂ ಈಗ ಹೀಗೆ ಬೇರು ಹೇಳಲೇಬೇಕಾಗಿದೆ. ಅದೇ ಹೆಸರಿನ ಸಿನಿಮಾ 2018ರಲ್ಲಿ ಬಂದ ಮೇಲೆ ಹೊರಗಿನವರಿಗೆ ಕೆಜಿಎಫ್ ಎಂದರೆ ಮೊದಲು ನೆನಪಾಗುವುದು ತೆರೆಯ ಮೇಲಿನದು, 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೂ ಜನ ಬಾಳುತ್ತಿರುವ ಊರಲ್ಲ. ಕೋಲಾರ ಪದವೂ ಹಾಗೆ. ಚಿನ್ನದ ಗಣಿಗೆ ಕೋಲಾರದ ಹೆಸರಿದ್ದರೂ ಕೋಲಾರ ನಗರ ಅಲ್ಲಿಂದ ಸುಮಾರು 30 ಕಿಲೋಮೀಟರು ದೂರ.

ಯೂಸ್‌ನ ಹರಹು ಒಂದೇ ಫೈಲು. ಅದರಿಂದ ಇನ್ನೊಂದು ಫೈಲನ್ನು ಇನ್‌ಕ್ಲೂಡ್ ಮಾಡಿದರೂ ಉರುಫ್ ಅಲ್ಲಿಗೆ ಹೋಗುವುದಿಲ್ಲ, ಅಲ್ಲಿ ಬರೆದದ್ದು ಇಲ್ಲಿಗೆ ಬರುವುದಿಲ್ಲ. ಇದನ್ನು ಕಿರಿಕಿರಿ ಎನ್ನುವವರುಂಟು. ಆದರೆ ಪ್ರತಿ ಫೈಲೂ ತನ್ನ ಹೆಸರುಗಳಿಗೆ ತಾನೇ ಲೆಕ್ಕ ಕೊಡುವುದರಿಂದಲೇ, ಯಾವುದೋ ದೂರದ ಫೈಲಿನಲ್ಲಿ ಯಾರೋ ಇಟ್ಟ ಹೆಸರು ಇಲ್ಲಿನ ಕೆಲಸ ಕೆಡಿಸುವುದಿಲ್ಲ. ಯೂಸ್ ಯಾವ ಫೈಲನ್ನೂ ತೆರೆಯುವುದೂ ಇಲ್ಲ. ಅದು ಹೆಸರನ್ನು ಬಿಡಿಸುವ ಸೂಚನೆ ಅಷ್ಟೆ. ಇಲ್ಲದ ಕ್ಲಾಸಿನ ಹೆಸರನ್ನು ಯೂಸ್ ಸಾಲಿನಲ್ಲಿ ಬರೆದರೂ, ಅದನ್ನು ಬಳಸುವ ಗಳಿಗೆಯವರೆಗೆ ಪಿಎಚ್‌ಪಿ ಬಾಯಿ ಬಿಡುವುದಿಲ್ಲ. ಕಲಿಯುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಎಂದರೆ, ಯೂಸ್ ಎಂಬ ಇದೇ ಪದಕ್ಕೆ ಕ್ಲಾಸಿನ ಒಳಗೆ ಟ್ರೇಟ್ ಸೇರಿಸುವ ಕೆಲಸವೂ, ಹೆಸರಿಲ್ಲದ ಫಂಕ್ಷನ್ನಿನ ಪಕ್ಕದಲ್ಲಿ ಹೊರಗಿನ ವೇರಿಯಬಲ್ಲುಗಳನ್ನು ಒಳಗೆ ಕರೆಯುವ ಕೆಲಸವೂ ಇವೆ. ಹೆಸರು ತರುವ ಯೂಸ್ ಇರುವುದು ಫೈಲಿನ ಹೊರಮಟ್ಟದಲ್ಲಿ ಮಾತ್ರ.

ಇನ್ನು ಬಲೆಗಳ ವಿಚಾರ. ಎಲ್ಲೆಯೊಳಗೆ ನಿಂತು ಬಿಡಿ ಹೆಸರಿನ ಫಂಕ್ಷನ್ ಒಂದನ್ನು ಕರೆದರೆ ಪಿಎಚ್‌ಪಿ ಮೊದಲು ಆ ಎಲ್ಲೆಯೊಳಗೆ ಹುಡುಕುತ್ತದೆ. ಸಿಗದಿದ್ದರೆ ಎಲ್ಲರಿಗೂ ಸೇರಿದ ಹೊರಬಯಲಿಗೆ ಹೋಗಿ ತರುತ್ತದೆ. ಕಾನ್‌ಸ್ಟಂಟುಗಳಿಗೂ ಇದೇ ಉಪಕಾರವಿದೆ. ಕ್ಲಾಸುಗಳಿಗೆ ಇಲ್ಲ. ಪಿಎಚ್‌ಪಿಯೇ ಕೊಟ್ಟಿರುವ ಡೇಟ್‌ಟೈಮ್, ಪಿಡಿಒ, ಎಕ್ಸೆಪ್ಷನ್ ಇವೆಲ್ಲ ಇರುವುದು ಹೊರಬಯಲಿನಲ್ಲಿ. ಆಂಡರ್ಸನ್‌ಪೇಟೆಯೊಳಗಿಂದ ಬರಿಯ ‘ಡೇಟ್‌ಟೈಮ್’ ಎಂದು ಕರೆದರೆ ‘ಕೆಜಿಎಫ್\ಆಂಡರ್ಸನ್‌ಪೇಟೆ\ಡೇಟ್‌ಟೈಮ್’ ಇಲ್ಲ ಎಂಬ ದೋಷ ಬರುತ್ತದೆ. ಇದಾದರೂ ಒಳ್ಳೆಯದು, ಕೂಗಿ ಹೇಳುತ್ತದೆ. ಕೆಟ್ಟದ್ದು ಎಕ್ಸೆಪ್ಷನ್‌ನದು. ದೋಷವನ್ನು ಹಿಡಿಯಲು ಕ್ಯಾಚ್ ಎಂದು ಬರೆದು, ಒಳಗೆ ಬರಿಯ ‘ಎಕ್ಸೆಪ್ಷನ್’ ಎಂದರೆ, ಪಿಎಚ್‌ಪಿ ಅದನ್ನು ಆಂಡರ್ಸನ್‌ಪೇಟೆಯ ಎಕ್ಸೆಪ್ಷನ್ ಎಂದು ಓದುತ್ತದೆ. ಅಂಥ ಕ್ಲಾಸೇ ಇಲ್ಲ, ಆದರೂ ಇಲ್ಲ ಎಂದು ಹೇಳುವುದಿಲ್ಲ. ಹಿಡಿಯುವ ಬಲೆ ಹರಡಿದಂತೆಯೇ ಕಾಣುತ್ತದೆ, ನಿಜವಾದ ದೋಷ ಅದರ ಪಕ್ಕದಿಂದ ಹೊರಗೆ ಹೋಗುತ್ತದೆ. ಪ್ರೋಗ್ರಾಮು ಸರಿಯಾಗಿ ನಡೆಯುತ್ತಿರುವ ದಿನಗಳಲ್ಲಿ ಇದು ಗೊತ್ತೇ ಆಗುವುದಿಲ್ಲ, ಡೇಟಾಬೇಸ್ ಕೈಕೊಟ್ಟ ದಿನ ಗೊತ್ತಾಗುತ್ತದೆ. ಇದು ಈ ಇಡೀ ವಿಷಯದಲ್ಲಿ ಅತಿ ಅಪಾಯದ ಜಾಗ. ಎಕ್ಸೆಪ್ಷನ್ ಮುಂದೆ ಹಿಂದೋರೆ ಗೆರೆ ಹಾಕುವುದನ್ನು, ಇಲ್ಲವೇ ನೆತ್ತಿಯಲ್ಲಿ ‘ಯೂಸ್ ಎಕ್ಸೆಪ್ಷನ್’ ಎಂದು ಬರೆಯುವುದನ್ನು ಮೊದಲ ದಿನವೇ ರೂಢಿ ಮಾಡಿಕೊಳ್ಳಬೇಕು. ಒಂದು ವಸ್ತು ಇಂಥ ಕ್ಲಾಸಿನದೇ ಎಂದು ಇನ್‌ಸ್ಟನ್ಸ್‌ಆಫ್‌ನಿಂದ ಪರೀಕ್ಷಿಸುವಾಗಲೂ ಇದೇ ಮೌನ. ತಪ್ಪು ಹೆಸರಿಗೆ ‘ಅಲ್ಲ’ ಎಂಬ ಉತ್ತರ ಬರುತ್ತದೆ, ‘ಹೆಸರು ತಪ್ಪು’ ಎಂಬ ಮಾತು ಬರುವುದಿಲ್ಲ.

ಬರಹವಾಗಿ ಕೊಟ್ಟ ಹೆಸರಿಗೂ ಯೂಸ್ ತಗಲುವುದಿಲ್ಲ. ಕ್ಲಾಸಿನ ಹೆಸರನ್ನು ವೇರಿಯಬಲ್ಲಿನಲ್ಲಿಟ್ಟು ಅದರಿಂದ ವಸ್ತು ಮಾಡುವಾಗ ಪೂರ್ತಿ ವಿಳಾಸವೇ ಬೇಕು. 2013ರ 5.5ನೇ ಆವೃತ್ತಿಯಿಂದ ಹೆಸರಿನ ಕೊನೆಗೆ ಎರಡು ಕೋಲನ್ ಮತ್ತು ‘ಕ್ಲಾಸ್’ ಎಂಬ ಪದ ಸೇರಿಸಿದರೆ ಪಿಎಚ್‌ಪಿಯೇ ಉರುಫನ್ನು ಬಿಡಿಸಿ ಪೂರ್ತಿ ವಿಳಾಸವನ್ನು ಬರಹವಾಗಿ ಕೊಡುತ್ತದೆ. ಕೈಯಿಂದ ಟೈಪು ಮಾಡುವುದಕ್ಕಿಂತ ಅದೇ ಮೇಲು. ಫಂಕ್ಷನ್ನು, ಕಾನ್‌ಸ್ಟಂಟುಗಳನ್ನೂ ಯೂಸ್‌ನಿಂದ ತರುವ ಸೌಲಭ್ಯ 2014ರ 5.6ರಲ್ಲಿ ಬಂತು. ಒಂದೇ ಎಲ್ಲೆಯ ಹಲವು ಹೆಸರುಗಳನ್ನು ಪುಷ್ಪಾವರಣದಲ್ಲಿ ಒಟ್ಟಿಗೆ ಬರೆಯುವುದು 2015ರ 7.0ರಲ್ಲಿ.

ಎಲ್ಲೆಯ ಹೆಸರಿಗೂ ಡಿಸ್ಕಿನ ಮೇಲಿನ ಫೋಲ್ಡರಿಗೂ ಪಿಎಚ್‌ಪಿಯ ದೃಷ್ಟಿಯಲ್ಲಿ ಸಂಬಂಧವೇ ಇಲ್ಲ. ಸಂಬಂಧ ಕಟ್ಟಿದ್ದು ಬಳಕೆದಾರರ ಒಡಂಬಡಿಕೆ. ಪಿಎಸ್‌ಆರ್-4 ಎಂಬ ಆ ನಿಯಮದ ಪ್ರಕಾರ ‘ಕೆಜಿಎಫ್\ಊರ್ಗಾಂ\ಠಾಣೆ’ ಎಂಬ ಕ್ಲಾಸು ಊರ್ಗಾಂ ಫೋಲ್ಡರಿನ ಠಾಣೆ ಎಂಬ ಫೈಲಿನಲ್ಲಿರಬೇಕು. ಹಾಗಿದ್ದರೆ ಕಂಪೋಸರ್ ಎಂಬ ಸಲಕರಣೆ ಅದನ್ನು ಬೇಕಾದಾಗ ತಾನೇ ಹುಡುಕಿ ತೆರೆಯುತ್ತದೆ. ಕಾಗದದ ಮೇಲಿನ ಪಿನ್‌ಕೋಡಿನಂತೆ ಇದು. ಬಂಗಾರಪೇಟೆಯ 563114ಕ್ಕೂ ರಾಬರ್ಟ್‌ಸನ್‌ಪೇಟೆಯ 563122ಕ್ಕೂ ಮೊದಲ ಮೂರು ಅಂಕಿ ಒಂದೇ, ಅಲ್ಲಿಯವರೆಗೆ ಚೀಲವೂ ಒಂದೇ. ಇಂಗ್ಲಿಷಿನಲ್ಲಿ ಹೆಸರಿಟ್ಟಾಗ ಒಂದು ಎಚ್ಚರ ಬೇಕು. ಕ್ಲಾಸಿನ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ಭೇದವನ್ನು ಪಿಎಚ್‌ಪಿ ಎಣಿಸುವುದಿಲ್ಲ, ಲಿನಕ್ಸಿನ ಫೈಲುಗಳು ಎಣಿಸುತ್ತವೆ. ವಿಂಡೋಸ್ ಇರುವ ಮನೆಯ ಕಂಪ್ಯೂಟರಿನಲ್ಲಿ ನಡೆದದ್ದು ಸರ್ವರಿಗೆ ಹೋದಾಗ ನಿಲ್ಲುವುದು ಎಷ್ಟೋ ಸಲ ಇದಕ್ಕೇ. ಕನ್ನಡ ಅಕ್ಷರಗಳಲ್ಲಿ ಈ ಭೇದವೇ ಇಲ್ಲದ್ದರಿಂದ ಕನ್ನಡದ ಹೆಸರಿಗೆ ಈ ತೊಂದರೆ ಇಲ್ಲ.

ಕೊನೆಯದು ಹೆಸರು ಬದಲಾದ ಕಾಲಕ್ಕೆ ಬೇಕಾಗುವ ಉರುಫ್. ಯೂಸ್‌ನ ಉರುಫ್ ಒಂದು ಫೈಲಿನದು. ಕ್ಲಾಸ್‌ಏಲಿಯಾಸ್ ಎಂಬ ಫಂಕ್ಷನ್ ಕೊಡುವ ಉರುಫ್ ಇಡೀ ಪ್ರೋಗ್ರಾಮಿಗೆ ಸೇರಿದ್ದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ಪಿಎಚ್‌ಪಿಯಲ್ಲಿ ಬರೆದದ್ದು. ಅದರ ಪುಟಗಳಿಗೂ ನೇಮ್‌ಸ್ಪೇಸುಗಳಿವೆ. ಭಾಷೆಯ ನೇಮ್‌ಸ್ಪೇಸಿಗಿಂತ ಬೇರೆಯಾದರೂ ಉದ್ದೇಶ ಒಂದೇ. ‘ವರ್ಗ:’ ಎಂದರೂ ಅದೇ ಪುಟ, ಇಂಗ್ಲಿಷಿನಲ್ಲಿ ‘ಕೆಟಗರಿ:’ ಎಂದು ಬರೆದರೂ ಅದೇ ಪುಟ. ಪ್ರತಿ ಪುಟದ ಶೀರ್ಷಿಕೆಯನ್ನು ನೋಡಿಕೊಳ್ಳುವ ಟೈಟಲ್ ಎಂಬ ಕ್ಲಾಸು ಬಹಳ ವರ್ಷ ಹೊರಬಯಲಿನಲ್ಲೇ ಇತ್ತು. 2023ರ 1.40ನೇ ಆವೃತ್ತಿಯಲ್ಲಿ ಅದನ್ನು ‘ಮೀಡಿಯಾವಿಕಿ\ಟೈಟಲ್’ ಎಂಬ ಎಲ್ಲೆಗೆ ಸಾಗಿಸಿದರು. ಹಳೆಯ ಬಿಡಿ ಹೆಸರನ್ನು ನಂಬಿ ಯಾರು ಯಾರೋ ಬರೆದ ನೂರಾರು ವಿಸ್ತರಣೆಗಳಿದ್ದವು. ಅವು ಒಂದೇ ದಿನ ಮುರಿದು ಬೀಳದಂತೆ ಕ್ಲಾಸ್‌ಏಲಿಯಾಸ್‌ನಿಂದ ಹಳೆಯ ಹೆಸರನ್ನೂ ಜೊತೆಗೆ ಉಳಿಸಿಕೊಂಡರು. ಹೆಸರು ಬದಲಿಸುವವರು ತೋರಬೇಕಾದ ಸೌಜನ್ಯ ಅದು.

ಬಂಗಾರಪೇಟೆಯಲ್ಲೂ ಹೀಗೆಯೇ ಆಗಿದೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನಿಂದ ಅದು ಬೌರಿಂಗ್‌ಪೇಟೆಯಾಗಿತ್ತು. ಮಾರಿಕುಪ್ಪಂ ಕಡೆಗೆ 1894ರಲ್ಲಿ ರೈಲು ಓಡತೊಡಗಿದ್ದು ಆ ಹೆಸರಿನ ನಿಲ್ದಾಣದಿಂದಲೇ. ಊರಿನ ಹೆಸರು ಬದಲಾಯಿತು. ಇಂದು ಬೌರಿಂಗ್ ಎಂದರೆ ಬೆಂಗಳೂರಿನ ಆಸ್ಪತ್ರೆ ನೆನಪಾದೀತೇ ಹೊರತು ಈ ಊರು ನೆನಪಾಗುವುದಿಲ್ಲ. ಆದರೂ ರೈಲ್ವೆಯ ಲೆಕ್ಕದಲ್ಲಿ ಬಂಗಾರಪೇಟೆ ನಿಲ್ದಾಣದ ಸಂಕೇತ ಈಗಲೂ ಬಿಡಬ್ಲ್ಯುಟಿ.